ತಿಪ್ಪಮ್ಮನ ಲಂಗ

ಸೊಸೆಗೆ ನೆಟ್ಟಗೆ ಹೊಲಿಯೋಕೆ ಬರಲ್ಲ ಅಂತ ಬೈಯುವ ಅತ್ತೆಯರನ್ನು ಎಲ್ಲರೂ ಕಂಡಿದ್ದಾರೆ. ವಕ್ಕಲೇರಿಯ ಮುನಿಗಂಗಮ್ಮ ಮಾತ್ರ, ಇಷ್ಟು ಚೆನ್ನಾಗಿ ಯಾಕೆ ಹೊಲೀತೀಯ ಅಂತ ಬೈಯುತ್ತಿದ್ದಳು. ಸೊಸೆ ಕೊಂಡಮ್ಮ ಎದುರಾಡದೆ ಬೈಸಿಕೊಳ್ಳುತ್ತಿದ್ದಳು. ಮನೆಯಲ್ಲಿ ಉಳಿದಿದ್ದ ಒಂದೇ ಕೂಸಿನ ಜೀವ ಆ ಹೊಲಿಗೆಯಲ್ಲಿದೆ ಅಂತ ಇಬ್ಬರೂ ನಂಬಿದ್ದರು.

ಕೊಂಡಮ್ಮನಿಗೆ ಮೊದಲು ಹುಟ್ಟಿದ್ದು ಎರಡೂ ಗಂಡು. ಎರಡೂ ಒಂದು ವರ್ಷ ತುಂಬುವುದರೊಳಗೆ ಹೋದವು. ಎರಡಕ್ಕೂ ಅವಳು ಬಸುರಿಯಾಗಿದ್ದಾಗಲೇ ಹೊಸ ಬಟ್ಟೆ ತರಿಸಿ ಕುಲಾವಿ, ಅಂಗಿ ಹೊಲಿದಿಟ್ಟಿದ್ದಳು. ಆಸೆಪಟ್ಟಿದ್ದೇ ತಪ್ಪಾಯಿತು ಅಂದಿತು ಊರು. ಮೂರನೆಯದು ಹೆಣ್ಣು. ಮುನಿಗಂಗಮ್ಮ ಹಸುಗೂಸನ್ನು ಮೊರದಲ್ಲಿ ಮಲಗಿಸಿ ಹಿತ್ತಲ ತಿಪ್ಪೆಯ ಮೇಲೆ ಇಟ್ಟು ಬಂದಳು. ಪಕ್ಕದ ಮನೆಯ ಆವಲಮ್ಮ ಯಾರೋ ಬಿಸಾಡಿದ್ದು ಸಿಕ್ಕಿತು ಅನ್ನುವ ಹಾಗೆ ಅದನ್ನೆತ್ತಿಕೊಂಡು ಬಂದು, ಒಂದಿಷ್ಟು ತೌಡಿಗೆ ಹೆತ್ತವಳಿಗೇ ಮಾರಿದಳು. ತಿಪ್ಪಮ್ಮ ಅಂತ ಹೆಸರಿಟ್ಟರು. ಇದು ಯಾರಿಗೂ ಬೇಡದ ಕೂಸು ಅಂದುಕೊಂಡು ಯಮ ಬಾಗಿಲು ದಾಟಿ ಹೋಗಬೇಕು, ಇದ್ದ ಉಪಾಯ ಅಷ್ಟೇ.

ಹೆಸರಿಟ್ಟ ಮಾತ್ರಕ್ಕೆ ಮುಗಿಯಲಿಲ್ಲ. ಐದು ವರ್ಷ ತುಂಬುವ ತನಕ ಮಗುವಿನ ಮೈಗೆ ಹೊಸ ಬಟ್ಟೆ ಸೋಕಬಾರದು. ಬೇರೆಯವರು ಉಟ್ಟು, ಸವೆಸಿ, ಇನ್ನು ಬೇಡ ಅಂತ ಬಿಟ್ಟದ್ದನ್ನು ಬೇಡಿ ತಂದು ಹಾಕಬೇಕು. ಅದೇ ಕಟ್ಟಳೆ.

ಕಷ್ಟವೆಂದರೆ ಕೊಂಡಮ್ಮ ದರ್ಜಿಯ ಮಗಳು. ಅವಳಪ್ಪ ಮಾಲೂರಿನಲ್ಲಿ ಜಗಲಿಯ ಮೇಲೆ ಮಿಷನ್ನು ಇಟ್ಟುಕೊಂಡು ಹೊಲಿಯುತ್ತಿದ್ದ. ಅವಳು ನಡೆಯುವುದಕ್ಕೆ ಮುಂಚೆ ಸೂಜಿ ಹಿಡಿದವಳು. ಮೊದಮೊದಲು ಸುಲಭವಿತ್ತು. ಆವಲಮ್ಮನ ಹಳೆ ಸೀರೆಯನ್ನು ಚೀಲದ ಹಾಗೆ ಮಾಡಿ, ತಲೆಗೊಂದು ಕೈಗೆರಡು ತೂತು ಬಿಟ್ಟರೆ ಕೂಸಿಗೆ ಅಂಗಿಯಾಯಿತು. ನೋಡುವುದಕ್ಕೆ ದರಿದ್ರವಾಗಿತ್ತು, ಮುನಿಗಂಗಮ್ಮನಿಗೆ ತುಂಬಾ ಹಿಡಿಸಿತ್ತು.

ಆಮೇಲೆ ಎಲ್ಲಿಯದೋ ಯುದ್ಧ ವಕ್ಕಲೇರಿಗೂ ಬಂತು. ಅಂಗಡಿಯಲ್ಲಿ ಬಟ್ಟೆ ಕಾಣದಾಯಿತು, ಸಿಕ್ಕಿದ್ದೂ ಕಂಟ್ರೋಲಿನಲ್ಲಿ, ಸರ್ಕಾರ ಅಳೆದು ಕೊಟ್ಟಷ್ಟೇ. ಊರಿಗೆ ಊರೇ ತೇಪೆ ಹಾಕಿಕೊಂಡು ಓಡಾಡುವಾಗ ಹಳೆಯದು ಬೇಡ ಅನ್ನುವವರು ಯಾರು? ಕೊಂಡಮ್ಮ ಬೇಡುವುದಕ್ಕೆ ಹೋದರೆ, 'ನಾನು ಉಟ್ಟಿರೋದೇ ಹಳೇದಮ್ಮ, ಇದನ್ನ ಬಿಚ್ಚಿ ಕೊಡ್ಲಾ?' ಅಂತ ನಗುತ್ತಿದ್ದರು. ಬೇಡವಾದ ಬಟ್ಟೆಯೇ ಇಲ್ಲದ ಕಾಲದಲ್ಲಿ ಬೇಡವಾದ ಬಟ್ಟೆ ಹುಡುಕುವ ಕರ್ಮ ಅವಳದಾಯಿತು. ಸಂದುಗೊಂದು ತಿರುಗಿ ಅವಳು ತರುತ್ತಿದ್ದುದು ಚೂರುಗಳು: ಕಡ್ಡಿ ಮುರಿದ ಕೊಡೆಯ ಕರೀ ಬಟ್ಟೆ, ಕಚೇರಿ ಜವಾನ ಆಂಜಿನಪ್ಪನ ಪೇಟದ ತುದಿ, ಶಾನುಭೋಗರ ಮನೆ ಶಾಮಲಮ್ಮನವರ ಪಿಸಿದುಹೋದ ರೇಷ್ಮೆ ಸೀರೆಯ ಅಂಚು.

ಅಂಗೈ ಅಗಲದ ಚೂರುಗಳನ್ನು ಸೇರಿಸಿ ಒಂದು ಮಗುವಿನ ಮೈ ಮುಚ್ಚಬೇಕಾದರೆ ಹೇಗೆಂದರೆ ಹಾಗೆ ಹೊಲಿದರೆ ನಿಲ್ಲುವುದಿಲ್ಲ. ಎಳೆಗೆ ಎಳೆ ಕೂಡಿಸಬೇಕು, ಬಣ್ಣಕ್ಕೆ ಬಣ್ಣ ನೋಡಬೇಕು, ಬಿರುಕು ಬಿಟ್ಟ ಕಡೆ ನೆರಿಗೆ ಹಿಡಿದು ಮುಚ್ಚಬೇಕು. ಕೊಂಡಮ್ಮ ಉಸಿರು ಬಿಗಿಹಿಡಿದು ಅದನ್ನೆಲ್ಲ ಮಾಡಿದಳು. ಬಟ್ಟೆ ಕಮ್ಮಿಯಾದಷ್ಟೂ ಕೈಯ ಕೆಲಸ ಏರಿತು. ಕೊನೆಗೊಂದು ದಿನ ಅವಳೇ ಬೆಚ್ಚಿ ನೋಡುವಂಥ ಲಂಗವೊಂದು ಮಡಿಲಲ್ಲಿತ್ತು. ಕರೀ ಕೊಡೆಬಟ್ಟೆಯ ಮೇಲೆ ಪೇಟದ ಕೆಂಪು, ಅದರ ಕೆಳಗೆ ಮಾಸಿದ ಜರಿ.

ಮುನಿಗಂಗಮ್ಮ ನೋಡಿದಳು. ಅವಳ ಮಾತಿಗೆ ಗಾಬರಿಯಾದಾಗ ತೆಲುಗು ಬರುತ್ತಿತ್ತು.

'ವದ್ದಮ್ಮಾ, ಇದು ವದ್ದು. ಬೇಡ. ಬಿಚ್ಚಿ ಹಾಕು.'

'ಎಲ್ಲಾ ಬೇಡಿ ತಂದಿದ್ದೇ ಅತ್ತೆ. ಒಂದು ದಾರಾನೂ ಹೊಸದಲ್ಲ.'

'ಬಟ್ಟೆ ಬೇಡಿ ತಂದಿದ್ದು, ಸರಿ. ಈ ಚಂದ ಎಲ್ಲಿಂದ ತಂದೆ?'

ಕೊಂಡಮ್ಮ ಬಿಚ್ಚಲಿಲ್ಲ. ಎಲ್ಲಿಂದ ಬಿಚ್ಚುತ್ತಾಳೆ? ಮಗು ಆಗಲೇ ಅದನ್ನು ಹಾಕಿಕೊಂಡು ಅಂಗಳದಲ್ಲಿ ಗಿರ್‍ರನೆ ತಿರುಗುತ್ತಿತ್ತು. ತಾಯಿಯ ಹೊಟ್ಟೆ ತಣ್ಣಗಾಯಿತು. ಆದರೂ ಅವತ್ತೆಲ್ಲ ಅವಳು ಕೂತಲ್ಲಿ ಕೂರಲಿಲ್ಲ. ಹಿಟ್ಟು ತೊಳಸುತ್ತ ಎದ್ದು ಬಂದು ಮಗುವಿನ ಹಣೆ ಮುಟ್ಟುವಳು, ಒಲೆಯ ಮುಂದೆ ಕೂತವಳು ಮತ್ತೆ ಎದ್ದು ಬರುವಳು.

ಗೌರಿ ಹಬ್ಬದ ದಿನ ಶಾಮಲಮ್ಮನವರು ಮಗುವನ್ನು ಜಗಲಿಗೆ ಕರೆದರು. ಒಳ್ಳೆಯ ಹೆಂಗಸು, ಬಾಯಿ ಸ್ವಲ್ಪ ದೊಡ್ಡದು. ಮಗುವನ್ನು ಸುತ್ತ ತಿರುಗಿಸಿ ನೋಡಿದರು. 'ನನ್ನ ಸೀರೆ ಅಂಚೇನೇ ಇದು? ಹೊಸ ಪಟ್ಟೆಲಂಗ ಹಾಕ್ಕೊಂಡಿರೋ ನನ್ನ ಮೊಮ್ಮಗಳು ಇವಳ ಮುಂದೆ ಏನೇನೂ ಅಲ್ಲ. ರಾಜಕುಮಾರಿ ಥರ ಇದ್ದಾಳೆ ನೋಡ್ರೇ' ಅಂತ ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು. ಹೆಂಗಸರು ಬಂದು ಸುತ್ತುಗಟ್ಟಿದರು. ಕೊಂಡಮ್ಮ ಜನರ ನಡುವೆ ನುಗ್ಗಿ ಮಗುವನ್ನು ಕಂಕುಳಿಗೆ ಹಾಕಿಕೊಂಡು, ತಾಂಬೂಲವನ್ನೂ ತೆಗೆದುಕೊಳ್ಳದೆ ಮನೆಗೆ ಓಡಿದಳು.

ಮಾರನೆಯ ದಿನ ಮಗುವಿನ ಮೈ ಕೆಂಡವಾಗಿತ್ತು.

ಮುನಿಗಂಗಮ್ಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಲಂಗವನ್ನು ಮುದುರಿ ತೆಗೆದುಕೊಂಡು ಹೋಗಿ ತಿಪ್ಪೆಗೆ ಹಾಕಿ, ಮೇಲೆ ಒಂದು ಪುಟ್ಟಿ ಸಗಣಿ ಸುರಿದು ಬಂದಳು. ಕೊಂಡಮ್ಮನ ಗಂಡ ಕದಿರಪ್ಪ ಗಾಡಿ ಕಟ್ಟಿಕೊಂಡು ಕೋಲಾರದ ಆಸ್ಪತ್ರೆಯಿಂದ ಔಷಧಿ ತಂದ. ಆ ಔಷಧಿಯಿಂದಲೋ, ಅಜ್ಜಿ ನಿವಾಳಿಸಿ ಒಲೆಗೆ ಹಾಕಿದ ಮೆಣಸಿನಕಾಯಿಯಿಂದಲೋ, ಅಂತೂ ಜ್ವರ ಇಳಿಯಿತು. ಕೊಂಡಮ್ಮನ ಭಯ ಇಳಿಯಲಿಲ್ಲ. ಮಗುವಿಗೆ ಗಂಜಿ ಕುಡಿಸುವಾಗ ತನ್ನ ಕೈಬೆರಳುಗಳನ್ನೇ ನೋಡುವಳು. ಈ ಕೈಗಳ ಮೇಲೆ ಅವಳಿಗೆ ಹುಟ್ಟಿದ ದ್ವೇಷ ಶತ್ರುವಿನ ಮೇಲೂ ಹುಟ್ಟಿರಲಿಲ್ಲ.

ಅಲ್ಲಿಂದ ಮುಂದೆ ಅವಳು ಕೆಟ್ಟದಾಗಿ ಹೊಲಿಯುವುದನ್ನು ಕಲಿಯತೊಡಗಿದಳು. ಕಲಿಯುವುದು ಸುಲಭವಿರಲಿಲ್ಲ. ಬೆರಳು ತಾನಾಗಿ ನೇರಕ್ಕೆ ಹೋಗುತ್ತಿತ್ತು. ಬಿಚ್ಚಿ ಸೊಟ್ಟ ಮಾಡುತ್ತಿದ್ದಳು. ಕೊನೆಗೆ ಎಡಗೈಯಲ್ಲಿ ಸೂಜಿ ಹಿಡಿದಳು. ಒಂದು ತೋಳು ಉದ್ದ, ಒಂದು ಗಿಡ್ಡ. ಕತ್ತು ಒಂದು ಪಕ್ಕಕ್ಕೆ ಜಾರುತ್ತಿತ್ತು. ಬೀದಿಯ ಮಕ್ಕಳು ತಿಪ್ಪಮ್ಮನನ್ನು ಬೆದರುಬೊಂಬೆ ಅಂತ ಕರೆದರು. ಒಂದು ದಿನ ಮಗು ಬಂದು ತಾಯಿಯ ತೊಡೆಯ ಮೇಲೆ ಕೂತು, ಬೇಜಾರಿಲ್ಲದೆ, ಸುಮ್ಮನೆ ತಿಳಿದುಕೊಳ್ಳುವುದಕ್ಕೆ ಅನ್ನುವ ಹಾಗೆ ಕೇಳಿತು.

'ಅಮ್ಮ, ನಿಂಗೆ ಹೊಲಿಯಕ್ಕೆ ಬರಲ್ವಾ?'

'ಬರಲ್ಲ ಕಣೇ' ಅಂದಳು ಕೊಂಡಮ್ಮ. ಅವಳ ಬದುಕಿನಲ್ಲಿ ಅಷ್ಟು ಕಹಿಯಾದ ಸುಳ್ಳು ಇನ್ನೊಂದಿರಲಿಲ್ಲ.

ಹೀಗೆ ಐದು ವರ್ಷ ತುಂಬಿತು. ಕದಿರಪ್ಪ ಕೋಲಾರದಲ್ಲಿ ಬಿಸಿಲಿಗೆ ಸಾಲು ನಿಂತು ಕಂಟ್ರೋಲ್ ಬಟ್ಟೆ ತಂದ. ಬಿಳಿ ನೆಲ, ಮೇಲೆ ಕೆಂಪು ಹೂವು, ಗಂಜಿಯ ವಾಸನೆ. ಮುನಿಗಂಗಮ್ಮ ಅದನ್ನು ಸೊಸೆಯ ಮಡಿಲಿಗೆ ಹಾಕಿದಳು. 'ಕಟ್ಟಳೆ ತೀರ್ತು. ಇನ್ಮೇಲೆ ನಿನ್ನ ಕೈ ನಿಂದು. ಆ ಶಾಮಲಮ್ಮನ ಕಣ್ಣು ಕುಕ್ಕೋ ಹಾಗೆ ಹೊಲಿ.'

ಕೊಂಡಮ್ಮ ಮಗುವಿನ ಅಳತೆ ತೆಗೆದಳು. ಇದ್ದಿಲಲ್ಲಿ ಗುರುತು ಹಾಕಿದಳು. ಕತ್ತರಿ ಎತ್ತಿಕೊಂಡಳು. ಎತ್ತಿಕೊಂಡವಳು ಕೆಳಗಿಟ್ಟು, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು. ಮಾರನೆಯ ದಿನವೂ ಅದೇ. 'ಯಾವಾಗಮ್ಮ?' ಅಂತ ಮಗು ಕೇಳಿದಾಗಲೆಲ್ಲ 'ನಾಳೆ' ಅನ್ನುತ್ತಿದ್ದಳು. ಕದಿರಪ್ಪ ಮುಖ ಗಂಟು ಹಾಕಿಕೊಂಡು, 'ನಾನೇನು ನೋಡ್ಕೊಂಡು ಕೂರಕ್ಕೆ ತಂದ್ನಾ ಅದನ್ನ?' ಅಂತ ಎತ್ತು ಬಿಚ್ಚಲು ಹೋದ.

ಅವನು ಅತ್ತ ಹೋಗುತ್ತಲೇ ಅವಳು ಅತ್ತೆಯ ಮುಂದೆ ಬಟ್ಟೆ ಇಟ್ಟಳು.

'ಕತ್ತರಿ ಹಾಕಕ್ಕಾಗ್ತಿಲ್ಲ ಅತ್ತೆ. ಹೊಸ ಬಟ್ಟೆ ಕತ್ತರಿಸೋವಾಗ ಒಂದು ಸದ್ದು ಬರುತ್ತಲ್ಲ, ದೊಡ್ಡೋನಿಗೆ ಅಂಗಿ ಕತ್ತರಿಸಿದಾಗ ಬಂದಿದ್ದೂ ಅದೇ. ನೀವು ಐದು ವರ್ಷ ಅಂದ್ರಿ. ಐದೇ ಅಂತ ಯಮಂಗೆ ಯಾರು ಹೇಳಿದ್ದಾರೆ?'

ಮುನಿಗಂಗಮ್ಮ ಬಾಯಲ್ಲಿದ್ದ ಎಲೆಅಡಿಕೆ ಉಗಿದಳು. ಆಮೇಲೆ ಎದ್ದು, ಆ ಹೂವಿನ ಬಟ್ಟೆಯನ್ನು ಕೊಡವಿ, ತನ್ನ ಮಾಸಲು ಸೀರೆಯ ಮೇಲೆ ಸೊಂಟಕ್ಕೆ ಸುತ್ತಿ ಗಂಟು ಹಾಕಿಕೊಂಡಳು. ಗಂಡ ಹೋದ ಮೇಲೆ ಬಣ್ಣದ ಬಟ್ಟೆ ಮುಟ್ಟದಿದ್ದವಳು, ಕೆಂಪು ಹೂವು ಸುತ್ತಿಕೊಂಡು, ಕೊಡ ಎತ್ತಿಕೊಂಡು ನಡುಬೀದಿಯಲ್ಲಿ ಬಾವಿಗೆ ಹೊರಟಳು.

ಬಾವಿಕಟ್ಟೆಯಲ್ಲಿ ನಗೆ ಹತ್ತಿತು. ಆವಲಮ್ಮ ಹಗ್ಗ ಬಿಟ್ಟು ಬಾಯಿಗೆ ಸೆರಗಿಟ್ಟುಕೊಂಡಳು. 'ಇದೇನಕ್ಕ ಈ ವಯಸ್ಸಲ್ಲಿ?'

'ಮದುವೆ ಗೊತ್ತಾಗಿದೆ ಕಣೇ. ನೀನು ಸೋಬಾನೆ ಹೇಳಕ್ಕೆ ಬಾ' ಅಂದಳು ಮುನಿಗಂಗಮ್ಮ, ಮುಖದ ಒಂದು ಗೆರೆಯೂ ಅಲ್ಲಾಡದ ಹಾಗೆ.

ನಕ್ಕವರು ನಕ್ಕರು, ಅಪಶಕುನ ಅಂದವರು ಅಂದರು. ಅವಳು ಅದನ್ನು ಉಟ್ಟೇ ಕಳೆ ಕಿತ್ತಳು, ಸಗಣಿ ಬಾಚಿದಳು. ದಿನಾ ಕೆರೆಗೆ ಒಯ್ದು ಬಂಡೆಗೆ ಬಡಿದು ಬಡಿದು ಒಗೆದಳು. ಕೊಂಡಮ್ಮ ಇಸಿದುಕೊಳ್ಳಲು ಹೋದರೆ, 'ಬಿಡು, ನಾನೇ ಒಗೀಬೇಕು. ಇದು ಮುದುಕಿ ಉಟ್ಟು ಸವೆಸಿದ ಬಟ್ಟೆ ಅಂತ ಆ ಯಮ ನೋಡ್ಕೊಳ್ಳಲಿ' ಅನ್ನುತ್ತಿದ್ದಳು. ಬಡಿಯುವಾಗ ಅವಳ ರಟ್ಟೆ ನಡುಗುವುದನ್ನು ಕೊಂಡಮ್ಮ ಕಂಡಳು. ಸಾಕು ಅನ್ನಬೇಕು ಅನ್ನಿಸಿದರೂ, ಅತ್ತೆ ಒಗೆದದ್ದನ್ನು ಬೇಲಿಯ ಮೇಲೆ ಹರವಿ ಬರುತ್ತಿದ್ದಳು.

ಅವರೆಕಾಯಿ ಕಾಲ ಮುಗಿಯುತ್ತ ಬಂದಾಗ ಒಂದು ಬೆಳಿಗ್ಗೆ ಮೂವರೂ ಕೆರೆಯ ಹತ್ತಿರವಿದ್ದರು. ತಿಪ್ಪಮ್ಮ ನೀರಲ್ಲಿ ಕಾಲು ಬಿಟ್ಟುಕೊಂಡು ಕೂತಿತ್ತು.

'ಅಜ್ಜಿ, ಹಳೇದಾಯ್ತಾ?'

'ಆಗ್ತಾ ಇದೆ ಕಣೇ. ನಾನೂ ಅದೇ ಕೆಲಸದಲ್ಲಿದ್ದೀನಿ.'

ಮುನಿಗಂಗಮ್ಮ ಬಟ್ಟೆ ಹಿಂಡಿ, ಒಂದು ತುದಿಯನ್ನು ಸೊಸೆಯ ಕಡೆ ಚಾಚಿದಳು. ಕೊಂಡಮ್ಮ ಹೆಬ್ಬೆರಳಲ್ಲಿ ಮುಟ್ಟಿ ನೋಡಿದಳು. ಗಂಜಿ ಎಂದೋ ಹೋಗಿತ್ತು. ಕೆಂಪು ಹೂವು ತೆಳ್ಳಗಾಗಿ ನೆಲದ ಬಣ್ಣದಲ್ಲಿ ಕರಗಿತ್ತು. ಅಂಚಿನಲ್ಲಿ ಎಳೆ ಬಿಟ್ಟಿತ್ತು. ದರ್ಜಿಯ ಮಗಳಲ್ಲದವಳೂ ಅದನ್ನು ಹಳೆಯದು ಅನ್ನುತ್ತಿದ್ದಳು. ಅವಳು ಮಗುವಿನ ಕಡೆ ನೋಡಿದಳು, ಅದರ ಒದ್ದೆ ಕಾಲುಗಳ ಕಡೆ ನೋಡಿದಳು.

'ಇನ್ನೊಂದು ಸ್ವಲ್ಪ ದಿನ, ಅತ್ತೆ' ಅಂದಳು.

ಮುದುಕಿ ಬಟ್ಟೆಯನ್ನು ಕೊಡವಿ, ಒದ್ದೆಯದನ್ನೇ ಸೊಂಟಕ್ಕೆ ಸುತ್ತಿಕೊಂಡು, ಮೊಮ್ಮಗಳ ಕೈ ಹಿಡಿದು ಕೆರೆಯ ಏರಿ ಹತ್ತಿದಳು.