ಬಿಡು

ಅಥವಾ ಇಬ್ಬರೂ ಒಟ್ಟಿಗೇ ಕೂಗಿದ್ದರೇ? ಒಂದೇ ಮಾತನ್ನು ಇಬ್ಬರು ಒಂದೇ ಗಳಿಗೆಯಲ್ಲಿ ಕೂಗಿದರೆ ಕೇಳಿಸುವುದು ಯಾರ ದನಿ? ಹತ್ತಿರದವನದೋ, ಜೋರಾದದ್ದೋ? ಎಕ್ ಗೆಡಿಸ್ ಫುಟ್‌ಬಾಲ್ ಮೈದಾನದಲ್ಲಿ ಗೋಲಿನ ಹಿಂದಿನ ಕಂಬಿಗೆ ಮೊಣಕೈ ಊರಿ, ಆರು ತಿಂಗಳಿಂದ ಯೋಚಿಸುತ್ತಿದ್ದುದನ್ನೇ ಮತ್ತೆ ಯೋಚಿಸುತ್ತಿದ್ದ. ತಂಡದ ನಾಯಕ ಫರ್ಗಸ್ ಕೂಡ ಆವತ್ತು ಬಾಯಿ ತೆರೆದಿದ್ದರೆ, ಒಂದೇ ಒಂದು ಸಲ ತೆರೆದಿದ್ದರೆ, ತಪ್ಪಿನಲ್ಲಿ ಅರ್ಧ ಅವನದಾಗುತ್ತಿತ್ತು. ಉಳಿದರ್ಧವನ್ನು ಹೊತ್ತುಕೊಂಡು ಓಡಾಡುವುದು ಕಷ್ಟವಿರಲಿಲ್ಲ.

ಅಕ್ಟೋಬರಿನ ಆ ಶನಿವಾರ ಸಮುದ್ರದ ಕಡೆಯಿಂದ ಎದ್ದ ಗಾಳಿಗೆ ಮೂಲೆ ಬಾವುಟಗಳು ನೆಲ ಮುಟ್ಟುವಂತೆ ಬಾಗಿದ್ದವು. ಊರಿನ ತಂಡ ಬಾಲ್‌ಕೆರಿ ರೋವರ್ಸ್ ಒಂದು ಗೋಲು ಮುಂದಿತ್ತು. ಆಟ ಮುಗಿಯಲು ಎರಡು ನಿಮಿಷ. ಎದುರಾಳಿಯೊಬ್ಬ ದೂರದಿಂದ ಒದ್ದ ಜೀವವಿಲ್ಲದ ಚೆಂಡೊಂದು ತೇಲುತ್ತ ಬಂತು. ಗೋಲಿನ ಹಿಂದೆ ನಿಂತಿದ್ದ ಎಕ್‌ಗೆ ಅದು ಕಂಬದಾಚೆ ಹೋಗುವುದು ಸ್ಪಷ್ಟವಾಗಿ ಕಂಡಿತು. "ಬಿಡು!" ಎಂದ. ಗೋಲು ಕಾಯುತ್ತಿದ್ದವನು ಅವನ ಮಗ ಗ್ರೆಗರ್. ಚಾಚಿದ್ದ ಕೈಯನ್ನು ಅವನು ಹಿಂದೆಳೆದುಕೊಂಡ. ಗಾಳಿ ಚೆಂಡನ್ನು ಒಳಕ್ಕೆ ತಿರುಗಿಸಿತು. ಕಂಬದ ಒಳಮೈಗೆ ತಗಲಿ ಬಲೆಗೆ ಬಿತ್ತು.

ಗ್ರೆಗರ್ ತಿರುಗಿ ನೋಡಿದ್ದು ಹಿಂದಕ್ಕಲ್ಲ, ಮುಂದಕ್ಕೆ. ನಾಯಕ ಫರ್ಗಸ್ ಲೇರ್ಡ್ ನಾಲ್ಕು ಮಾರು ದೂರದಲ್ಲಿ ನಿಂತಿದ್ದ. ಮೈದಾನದಲ್ಲಿ ಗೋಲ್‌ಕೀಪರ್‌ಗೆ ಬಿಡು, ಹಿಡಿ ಎಂದು ಹೇಳುವವನು ಅವನೇ. ಬಟ್ಟೆ ಬದಲಿಸುವ ಕೋಣೆಯಲ್ಲಿ ಗ್ರೆಗರ್ "ನೀನೇ ಅಂದೆ" ಎಂದನಂತೆ. ಫರ್ಗಸ್ "ನಾನು ಬಾಯೇ ಬಿಟ್ಟಿಲ್ಲ" ಎಂದನಂತೆ. ಹನ್ನೊಂದು ವರ್ಷ ಒಟ್ಟಿಗೆ ಆಡಿದವರು ಅಲ್ಲಿಂದ ಮಾತು ಬಿಟ್ಟರು. ಮಾತಾಡದ ಗೋಲ್‌ಕೀಪರ್ ಮತ್ತು ಮಾತಾಡದ ನಾಯಕನ ನಡುವೆ ಚೆಂಡುಗಳು ಸರಾಗವಾಗಿ ಹಾದುಹೋದವು. ಡಿಸೆಂಬರಿನಲ್ಲಿ ರೋವರ್ಸ್ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಜನವರಿಯಲ್ಲಿ ಫರ್ಗಸ್ ಮೊಣಕಾಲು ನೋವು ಎಂದು ಹೇಳಿ ತಂಡ ಬಿಟ್ಟು, ಪೂರ್ತಿ ತನ್ನ ಕೆಲಸಕ್ಕೆ, ಮನೆಗಳ ಮೇಲೆ ಕಲ್ಲುಹಲಗೆ ಹೊದಿಸುವುದಕ್ಕೆ, ಹೊರಟುಹೋದ. ಮೊಣಕಾಲು ನೋಯುವವನು ದಿನವಿಡೀ ಛಾವಣಿಯ ಮೇಲೆ ಮಂಡಿಯೂರಿ ಕೂರುವುದನ್ನು ಊರೆಲ್ಲ ನೋಡಿತು.

ಎಕ್ ಅಂದಿನಿಂದ ಗೋಲಿನ ಹಿಂದೆ ಬಾಯಿ ತೆರೆದಿರಲಿಲ್ಲ. ಆದರೆ ಬರುವುದನ್ನೂ ಬಿಟ್ಟಿರಲಿಲ್ಲ. ಬಂದರಿನ ಮಂಜುಗಡ್ಡೆ ಕಾರ್ಖಾನೆಯಲ್ಲಿ ವಾರವಿಡೀ ದುಡಿದು, ಶನಿವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಗೋಲಿನ ಬಾಯಿಯಲ್ಲಿ ನಿಂತ ನೀರನ್ನು ಪೊರಕೆಯಿಂದ ತಳ್ಳುತ್ತಿದ್ದ. ಹಿಮ ಬಿದ್ದ ದಿನ ಸಲಿಕೆ ಹಿಡಿಯುತ್ತಿದ್ದ. ಬೇರೆ ಊರಿನ ಪಂದ್ಯಗಳಿಗೂ ನಾಲ್ಕೈದು ಗಂಟೆ ಬಸ್ಸಿನಲ್ಲಿ ಹೋಗಿ, ಮಗ ಬಿಟ್ಟುಕೊಟ್ಟ ಪ್ರತಿಯೊಂದು ಗೋಲನ್ನೂ ಅವನ ಬೆನ್ನ ಹಿಂದೆ ನಿಂತು ನೋಡಿದ. ಒಂದು ಊರಿನಲ್ಲಿ ಆರು.

ಇಂದು ಕೊನೆಯ ಪಂದ್ಯ. ಹತ್ತು ತಂಡಗಳ ಪಟ್ಟಿಯಲ್ಲಿ ರೋವರ್ಸ್ ಒಂಬತ್ತನೆಯದು, ಎದುರಿಗೆ ಬಂದಿರುವುದು ಹತ್ತನೆಯದು. ಡ್ರಾ ಆದರೂ ಸಾಕು, ಉಳಿಯುತ್ತಾರೆ. ಸೋತರೆ ಕೊನೆಯ ಸ್ಥಾನ, ಅದರ ಹಿಂದೆಯೇ ಕೆಳಗಿನ ಲೀಗಿನವರೊಂದಿಗೆ ಸೆಣಸಾಟ. ಅದರಲ್ಲೂ ಸೋತರೆ ಆ ಲೀಗಿಗೇ ಇಳಿಯಬೇಕು. ಕೆಳಗಿಳಿದ ಸಣ್ಣ ಕ್ಲಬ್ಬುಗಳು ಮತ್ತೆ ಹತ್ತಿ ಬಂದದ್ದನ್ನು ಎಕ್ ಕಂಡಿರಲಿಲ್ಲ.

ಬೆಳಿಗ್ಗೆ ಗ್ರೆಗರ್ ಕೈಗವಸು ಒಯ್ಯಲು ಮನೆಗೆ ಬಂದಿದ್ದ. ಅವನ್ನು ತೊಳೆದು ಒಣಗಿಸುವುದು ಈಗಲೂ ಅವನ ತಾಯಿ ಮೊರಾಗ್‌ಳ ಕೆಲಸ. ಬಾಗಿಲಲ್ಲೇ ನಿಂತು, ಗವಸಿನೊಳಗೆ ಬೆರಳು ತೂರಿಸಿ ನೋಡುತ್ತ, "ಅಪ್ಪ, ಇವತ್ತು ಬೇರೆ ಕಡೆ ನಿಂತ್ಕೋ" ಎಂದ.

"ಯಾಕೆ?"

"ಮೊದಲೆಲ್ಲ ಬೈತಿದ್ದೆ, ಕೂಗ್ತಿದ್ದೆ. ಈಗ ಸುಮ್ನೆ ನಿಂತಿರ್ತೀಯ. ಬೆನ್ನ ಹಿಂದೆ ಯಾರೋ ಹೆಣ ಕಾಯ್ತಿರೋ ಹಾಗಿರುತ್ತೆ."

"ಮಗನಿಗೆ ಗಂಜಿ ಬೇಕಾ ಕೇಳು, ಎಕ್" ಎಂದಳು ಮೊರಾಗ್ ಒಳಗಿನಿಂದ, ಮಾತು ಬದಲಿಸಲು. ಗ್ರೆಗರ್ ಬೇಡವೆಂದು ಹೋದ.

ಎಕ್ ರಾತ್ರಿಯೇ ನಿರ್ಧಾರ ಮಾಡಿದ್ದ. ಕೂಗಿದ್ದು ತಾನೆಂದು ಪಂದ್ಯಕ್ಕೆ ಮೊದಲು ಹೇಳಿದರೆ ಹುಡುಗನ ಮನಸ್ಸು ಕೆಡುತ್ತದೆ. ಮುಗಿದ ಮೇಲೆ, ಗೆಲ್ಲಲಿ ಸೋಲಲಿ, ಹೇಳಿಬಿಡಬೇಕು. ಅಲ್ಲಿಯವರೆಗೆ ತನ್ನ ಜಾಗ ಬಿಡಬಾರದು. ಮಗ ಬೇಡವೆಂದರೂ ಅವನು ಬಂದು ಗೋಲಿನ ಹಿಂದೆಯೇ ನಿಂತದ್ದು ಅದಕ್ಕೇ.

ರೋವರ್ಸ್ ಕಡೆಯವರು ಯಾವತ್ತೂ ತಮ್ಮ ತಂಡ ಗೋಲು ಹೊಡೆಯುವ ಬದಿಯಲ್ಲಿ ನಿಲ್ಲುತ್ತಾರೆ. ವಿರಾಮದ ಸೀಟಿ ಊದಿದ ಕೂಡಲೇ ಇಡೀ ಗುಂಪು ಮಾಂಸದ ಪೈ, ಚಹಾ ಹಿಡಿದುಕೊಂಡು ಮೈದಾನದ ಅಂಚಿನಲ್ಲೇ ನಡೆದು ಇನ್ನೊಂದು ತುದಿಗೆ ಹೋಗುತ್ತದೆ. ಎಕ್ ಮಾತ್ರ ಮಗನ ಹಿಂದೆ ನಿಲ್ಲುವವನಾದ್ದರಿಂದ, ಪ್ರತಿ ಶನಿವಾರ ಗುಂಪಿಗೆ ಎದುರಾಗಿ ನಡೆಯುತ್ತಿದ್ದ. ಇಂದೂ ಮೊದಲರ್ಧ ಗೋಲಿಲ್ಲದೆ ಮುಗಿದು, ಅವನು ಸಮುದ್ರದ ತುದಿಯತ್ತ ಹೊರಟಾಗ ಮುನ್ನೂರು ಜನ ಎದುರಿನಿಂದ ಬಂದರು. ಮುಂದೆ ವಾಟಿ, ಎಕ್‌ನ ಜೊತೆ ಶಾಲೆಗೆ ಹೋದವನು, ಈಗ ಊರಿನ ಕ್ಷೌರಿಕ.

"ದಾರಿ ಬಿಡ್ರಪ್ಪ, ಪ್ರತಿಮೆ ಬರ್ತಿದೆ" ಎಂದ ವಾಟಿ. "ಏನೋ ಎಕ್, ಗಂಟಲಿನ ತುಕ್ಕು ಬಿಟ್ಟಿಲ್ವಾ ಇನ್ನೂ?"

"ನಿನ್ನ ಬಾಯಿ ಇದೆಯಲ್ಲ, ಇಬ್ಬರಿಗೂ ಸಾಕು."

"ನಂದೂ ಸೋತುಹೋಗಿದೆ ಮಾರಾಯ. ನಮ್ಮ ಫಾರ್ವರ್ಡ್ ನೋಡ್ದೆಯಾ? ಅವನಿಗಿಂತ ಮೂಲೆ ಬಾವುಟ ಜಾಸ್ತಿ ಅಲ್ಲಾಡ್ತು."

"ಬಾವುಟಕ್ಕೆ ಕಾಲಿಗೆ ಗಾಯ ಆಗಲ್ಲ."

"ಓಡಿದ್ರೆ ತಾನೆ ಇವನಿಗೂ ಆಗೋದು" ಎಂದು ವಾಟಿ ತನ್ನ ಪೈಯನ್ನು ಎಕ್‌ನ ಮುಂದೆ ಹಿಡಿದ. ಎಕ್ ಒಂದು ತುಂಡು ಮುರಿದುಕೊಂಡ. ಗುಂಪು ಇಬ್ಭಾಗವಾಗಿ ಅವನನ್ನು ಹಾದುಹೋಯಿತು.

ಸಮುದ್ರದ ತುದಿಯಲ್ಲಿ ಯಾರೂ ಇರುವುದಿಲ್ಲ ಎಂದುಕೊಂಡಿದ್ದ. ಆದರೆ ಅವನ ಕಂಬಿಯ ಬಳಿ, ಟೊಪ್ಪಿಗೆಯನ್ನು ಹುಬ್ಬಿನವರೆಗೆ ಎಳೆದುಕೊಂಡು, ಫರ್ಗಸ್ ನಿಂತಿದ್ದ. ಜನವರಿಯ ನಂತರ ಮೈದಾನಕ್ಕೆ ಅವನು ಬಂದದ್ದು ಇದೇ ಮೊದಲು.

"ನಮಸ್ಕಾರ ಎಕ್. ಇಲ್ಲಿ ನಿಂತ್ರೆ ಅಡ್ಡಿ ಇಲ್ವಲ್ಲ?"

"ಕಂಬಿ ನಂದೇನಲ್ಲ. ಅಲ್ಲಿ ಎಲ್ಲರ ಜೊತೆ ನಿಲ್ಲಬಹುದಿತ್ತು."

"ಅಲ್ಲಿಂದ ನನಗೆ ಆಟ ಅರ್ಥ ಆಗಲ್ಲ. ಹನ್ನೊಂದು ವರ್ಷ ಈ ಗೋಲು ಬೆನ್ನಿಗಿತ್ತು." ಗೋಲಿನತ್ತ ನೋಡುತ್ತ, "ಮನೇಲಿ ಕೂರೋಕೂ ಆಗಲಿಲ್ಲ" ಎಂದ.

ಗ್ರೆಗರ್ ಗೋಲಿಗೆ ಬಂದ. ಎರಡೂ ಕಂಬಗಳನ್ನು ಕಾಲಿನಿಂದ ಒಮ್ಮೊಮ್ಮೆ ತಟ್ಟಿದ. ತಂದೆಯನ್ನು ನೋಡಿದ, ಪಕ್ಕದಲ್ಲಿದ್ದವನನ್ನು ನೋಡಿದ, ಬೆನ್ನು ತಿರುಗಿಸಿ ನಿಂತ. ಫರ್ಗಸ್ ಜೇಬಿನಿಂದ ಕೈ ಹೊರತೆಗೆದು ಮತ್ತೆ ಒಳಗಿಟ್ಟ.

ಎದುರಾಳಿಗಳಿಗೆ ಗೆಲುವೇ ಬೇಕಿತ್ತು. ಹಾಗಾಗಿ ಆಟವೆಲ್ಲ ಈ ತುದಿಗೇ ಬಂತು. ಗ್ರೆಗರ್ ಒಂದನ್ನು ಬಲಕ್ಕೆ ಹಾರಿ ತಳ್ಳಿದ. ಇನ್ನೊಂದು ಅಡ್ಡಕಂಬಕ್ಕೆ ಬಡಿದು, ಕಂಬಿಯವರೆಗೂ ಅದರ ನಡುಕ ಬಂತು. ಫರ್ಗಸ್‌ನ ಜಾಗದಲ್ಲಿ ಈಗ ಆಡುತ್ತಿದ್ದವನು ಹತ್ತೊಂಬತ್ತರ ಹೊಸಬ. ಚೆನ್ನಾಗಿ ಓಡುತ್ತಿದ್ದ, ಆದರೆ ತುಟಿ ಎರಡು ಮಾಡುತ್ತಿರಲಿಲ್ಲ.

"ಮಾತಾಡೋ" ಎಂದು ಫರ್ಗಸ್ ಪಿಸುಗುಟ್ಟಿದ, ಕೇಳಿಸಲಾರದೆಂದು ಗೊತ್ತಿದ್ದೂ. "ಬಿಡ್ಬೇಕೋ ಹಿಡೀಬೇಕೋ ಅಂತ ಅವನಿಗೆ ಹೇಳೋ."

ಎಕ್ ಕಂಬಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. ಈಗಲೇ ಕೇಳಿಬಿಡಬಹುದು ಅನ್ನಿಸಿತು. ಆವತ್ತು ನೀನೂ ಏನಾದರೂ ಅಂದಿದ್ದೆಯಾ ಫರ್ಗಸ್, ಎಂದು. ನಿಜವಾಗಿ ಅವನಿಗೆ ಬೇಕಾಗಿದ್ದದ್ದು ಹೌದು ಎನ್ನುವ ಉತ್ತರ ಮಾತ್ರ. ಹಾಗಾಗಿ ಕೇಳಲಿಲ್ಲ.

ಎಂಬತ್ತೆಂಟನೆಯ ನಿಮಿಷ. ಎದುರಾಳಿಗಳು ನಡುಗೆರೆಯಿಂದ ಎತ್ತರಕ್ಕೆ ಒದ್ದ ಚೆಂಡು ಪೆನಾಲ್ಟಿ ಜಾಗದ ಅಂಚಿನಲ್ಲಿ ಪುಟಿಯಿತು. ಅತ್ತ ಹೊಸ ಹುಡುಗ, ಇತ್ತ ಗ್ರೆಗರ್, ನಡುವೆ ಚೆಂಡು. ಹುಡುಗನ ಹಿಂದಿನಿಂದ ಎದುರಾಳಿಯೊಬ್ಬ ಓಡಿ ಬರುತ್ತಿದ್ದ. ಹುಡುಗ ನಿಂತ, ಗ್ರೆಗರ್ ತೆಗೆದುಕೊಳ್ಳಲಿ ಎಂದು. ಗ್ರೆಗರ್ ಎರಡು ಹೆಜ್ಜೆ ಇಟ್ಟು ನಿಂತ, ಹುಡುಗ ಒದೆಯಲಿ ಎಂದು. ಯಾರಾದರೂ ಒಂದು ಮಾತು ಹೇಳಲೆಂದು ಅವನ ತಲೆ ಒಂದಿಷ್ಟು ಓರೆಯಾದದ್ದು ಎಕ್‌ಗೆ ಹಿಂದಿನಿಂದ ಕಂಡಿತು. ಅಕ್ಟೋಬರಿನಿಂದ ಅವನು ಪ್ರತಿ ಚೆಂಡಿಗೂ ಹೀಗೆಯೇ ನಿಲ್ಲುತ್ತಿದ್ದ, ಯಾವ ದನಿಯನ್ನು ನಂಬಬೇಕೆಂದು ತಿಳಿಯದೆ.

"ನಿಂದು!" ಎಂದ ಎಕ್. "ಹೋಗು!"

ಆರು ತಿಂಗಳು ಒಳಗೇ ಇದ್ದ ದನಿ ಚೂರಿಯ ಹಾಗೆ, ಚಿಕ್ಕದಾಗಿ, ನೇರವಾಗಿ ಹೊರಟಿತು. ಗ್ರೆಗರ್ ಹೋದ. ಎದುರಾಳಿಯ ಕಾಲು ತಗಲುವ ಮುನ್ನವೇ ಚೆಂಡಿನ ಮೇಲೆ ಬಿದ್ದು ಅದನ್ನು ಹೊಟ್ಟೆಗೆ ಅವುಚಿಕೊಂಡ. ಓಡಿ ಬಂದವನು ಅವನ ಮೇಲೆ ಎಡವಿ ಆಚೆಗೆ ಉರುಳಿದ. ದೂರದ ತುದಿಯಲ್ಲಿ ಮುನ್ನೂರು ಜನ ಒಟ್ಟಿಗೆ ಉಸಿರು ಬಿಟ್ಟದ್ದು ಕೇಳಿಸಿತು.

ಎಕ್ ಪಕ್ಕಕ್ಕೆ ತಿರುಗಿದಾಗ ಫರ್ಗಸ್ ಮೈದಾನವನ್ನು ನೋಡುತ್ತಿರಲಿಲ್ಲ. ಅವನು ಎಕ್‌ನ ಬಾಯಿಯನ್ನು ನೋಡುತ್ತಿದ್ದ. ಬಹಳ ದಿನದ ಹಿಂದೆ ಕಳೆದುಹೋದ ವಸ್ತುವನ್ನು ಬೇರೆಯವರ ಮನೆಯ ಕಪಾಟಿನಲ್ಲಿ ಕಂಡವನಂತೆ, ಕೋಪವಿಲ್ಲದೆ, ಇದು ಅದೇನಾ ಎಂದು ಗುರುತಿಸುತ್ತಿದ್ದ. ಆಮೇಲೆ ಕಣ್ಣು ತೆಗೆದು ಹುಲ್ಲಿನತ್ತ ಹೊರಳಿಸಿದ.

ಎಕ್‌ಗೆ ತನ್ನ ಪ್ರಶ್ನೆಯ ಉತ್ತರ ಸಿಕ್ಕಿತ್ತು. ಇಬ್ಬರೂ ಒಟ್ಟಿಗೆ ಕೂಗಿರಲಿಲ್ಲ.

ರೆಫರಿ ಕೊನೆಯ ಸೀಟಿ ಊದಿದಾಗ ಗೋಲುಗಳಿಲ್ಲ. ರೋವರ್ಸ್ ಒಂಬತ್ತನೆಯ ಸ್ಥಾನದಲ್ಲೇ ಉಳಿಯಿತು. ವಾಟಿ ಮತ್ತು ಉಳಿದವರು ಆ ತುದಿಯಿಂದ ಕಂಬಿ ಹಾರಿ ಒಳಗೆ ಓಡಿ ಬರುತ್ತಿದ್ದರು. ಯಾರೋ ಟೊಪ್ಪಿಗೆ ಎಸೆದರು. ಗ್ರೆಗರ್ ಅವರ ಕಡೆಗೆ ಹೋಗದೆ ನೇರ ಕಂಬಿಯ ಬಳಿ ಬಂದ. ಮೂಗಿನ ಮೇಲೆ ಕೆಸರು.

"ಅಂತೂ ಕೂಗ್ದೆ" ಎಂದ ತಂದೆಗೆ.

"ಕೂಗ್ದೆ."

"ನನ್ನಿಂದ ನಾಚ್ಕೆ ಆಗಿ ಸುಮ್ನಿದ್ದೀಯ ಅಂದ್ಕೊಂಡಿದ್ದೆ ಇಷ್ಟು ದಿನ."

"ಹುಚ್ಚ" ಎಂದ ಎಕ್. "ಅದಲ್ಲ. ಅದಲ್ಲವೇ ಅಲ್ಲ."

"ಯಾರು ಕೂಗಿದ್ದು ಅಂತ ತಿರುಗಿ ನೋಡ್ಬೇಕಾಗೇ ಇರಲಿಲ್ಲ. ಎಷ್ಟು ದನಿ ಇದ್ರೂ ನಿಂದು ನನಗೆ ಗೊತ್ತಾಗುತ್ತೆ." ಗ್ರೆಗರ್ ಒಂದು ಕೈಗವಸು ಕಳಚಿ ಕಂಕುಳಲ್ಲಿ ಸಿಕ್ಕಿಸಿಕೊಂಡ. ಫರ್ಗಸ್‌ನ ಕಡೆ ತಿರುಗಿ, ಬೆವರಿಗೆ ಬೆಳ್ಳಗಾಗಿದ್ದ ಬರಿಗೈಯನ್ನು ಕಂಬಿಯ ಮೇಲಿನಿಂದ ಚಾಚಿದ. "ಬಂದಿದ್ದು ಒಳ್ಳೇದಾಯ್ತು ಕಣೋ. ಅಕ್ಟೋಬರ್‌ದು... ಆಗಿದ್ದು ಆಗಿಹೋಯ್ತು. ಎಲ್ಲರೂ ಒಂದಲ್ಲ ಒಂದು ಸಲ ತಪ್ಪು ಹೇಳ್ತಾರೆ. ನನಗೆ ನಿನ್ನ ಮೇಲೆ ಸಿಟ್ಟಿಲ್ಲ."

ಎಕ್ ಕಂಬಿಯನ್ನು ನೋಡಿದ. ಬಣ್ಣ ಎದ್ದ ಕಡೆ ತುಕ್ಕು ಕಾಣುತ್ತಿತ್ತು. ಈಗ ಹೇಳಬೇಕು. ಈಗಲೇ. ಅವನು ತಲೆ ಎತ್ತುವಷ್ಟರಲ್ಲಿ ಫರ್ಗಸ್ ಆ ಕೈಯನ್ನು ಹಿಡಿದಾಗಿತ್ತು.

"ಸರಿ" ಎಂದ ಫರ್ಗಸ್.

"ಮೊಣಕಾಲು ಹೇಗಿದೆ?"

"ಅದಕ್ಕೇನಾಗಿದೆ."

"ಗೊತ್ತು. ಜುಲೈಗೆ ಅಭ್ಯಾಸಕ್ಕೆ ಬಾ. ಆ ಹುಡುಗ ಮೂಗ."

ಅಷ್ಟರಲ್ಲಿ ವಾಟಿಯ ಗುಂಪು ಬಂದು ಗ್ರೆಗರ್‌ನನ್ನು ಹಿಂದಿನಿಂದ ಎತ್ತಿತು. "ಪ್ರತಿಮೆ ಮಾತಾಡ್ತು, ಆ ತುದೀವರೆಗೂ ಕೇಳಿಸ್ತು" ಎಂದು ವಾಟಿ ಕೂಗಿದ. ಅವರು ಗ್ರೆಗರ್‌ನನ್ನು ಹೊತ್ತುಕೊಂಡು ಮಧ್ಯದ ವೃತ್ತದತ್ತ ಹೋದರು.

ಕಂಬಿಯ ಬಳಿ ಇಬ್ಬರೇ ಉಳಿದರು. ಸಮುದ್ರದಿಂದ ಮಂಜು ಗೋಡೆ ದಾಟಿ ಒಳಗೆ ಬರತೊಡಗಿತ್ತು. ಎಕ್ ಎರಡು ಸಲ ಕೆಮ್ಮಿದ.

"ಫರ್ಗಸ್, ಆವತ್ತು—"

"ಬಿಡಿ, ಎಕ್" ಎಂದ ಫರ್ಗಸ್.

ಅವನು ಆ ಮಾತನ್ನು ಮೆಲ್ಲಗೆ, ಚೆಂಡಿನ ವಿಷಯದಲ್ಲಿ ಹೇಳುವಷ್ಟೇ ಸಹಜವಾಗಿ ಹೇಳಿದ. ಹೇಳಿ, ಟೊಪ್ಪಿಗೆ ಸರಿಮಾಡಿಕೊಂಡು ಬಾಗಿಲ ಕಡೆ ನಡೆದ. ನಾಲ್ಕು ಹೆಜ್ಜೆ ಹೋಗಿ ತಿರುಗಿದ.

"ಆಗಸ್ಟಿನಲ್ಲಿ ಇಲ್ಲೇ ನಿಲ್ತೀರಾ?"

"ಇಲ್ಲೇ."

"ಬಾಯಿ ಮುಚ್ಚಬೇಡಿ. ಹಿಂದಿನಿಂದ ಕಾಣೋದು ನಮಗೆ ಕಾಣಲ್ಲ."

ಅವನು ಹೋದ ಮೇಲೆ ಎಕ್ ಕಂಬಿಯ ಕೆಳಗಿನಿಂದ ನುಸುಳಿ ಮೈದಾನಕ್ಕೆ ಇಳಿದ. ಗೋಲಿನ ಬಾಯಿಯಲ್ಲಿ ಬೂಟುಗಳು ಕಿತ್ತ ಹುಲ್ಲಿನ ಹೆಂಟೆಗಳು ಅಲ್ಲಲ್ಲಿ ಬಿದ್ದಿದ್ದವು. ಒಂದೊಂದನ್ನೂ ಎತ್ತಿ ಅದರದರ ಗುಳಿಗೆ ಇಟ್ಟು, ಹಿಮ್ಮಡಿಯಿಂದ ಒತ್ತಿದ. ಮುಂದಿನ ಪಂದ್ಯಕ್ಕೆ ಇನ್ನೂ ಮೂರು ತಿಂಗಳಿತ್ತು. ಆದರೂ ಒಂದನ್ನೂ ಬಿಡದೆ ಒತ್ತಿದ. ಮಧ್ಯದ ವೃತ್ತದಿಂದ ಗ್ರೆಗರ್ ಅವನನ್ನು ಕೈ ಬೀಸಿ ಕರೆಯುತ್ತಿದ್ದ. ಬರುತ್ತೇನೆ ಎಂದು ಅವನೂ ಕೈ ಎತ್ತಿದ.

ಅಕ್ಟೋಬರಿನಲ್ಲಿ ಬಿಡು ಎಂದವನು ತಾನು ಎಂಬುದನ್ನು ಮಗನಿಗೆ ಅವನು ಹೇಳಲಿಲ್ಲ.