ಅಂಟು ಬಿಟ್ಟ ಜಾಗ

ಯೂಲಾಗೆ ಧನ್ಯವಾದ ಹೇಳುವುದೆಂದರೆ ಮೈಗೆಲ್ಲ ಸಾಬೂನು ಹಚ್ಚಿದ ಮಗುವನ್ನು ಹಿಡಿದ ಹಾಗೆ. ಎಲ್ಲಿ ಹಿಡಿದರೂ ಜಾರುತ್ತಾಳೆ. ಐವತ್ತು ವರ್ಷಕ್ಕೂ ಮೇಲಾಯಿತು, ನಾನು ಹಿಡಿಯಲು ನೋಡುತ್ತಲೇ ಇದ್ದೇನೆ.

ಥ್ಯಾಂಕ್ಸ್‌ಗಿವಿಂಗ್ ಊಟ ಪ್ರತಿ ನವೆಂಬರಿನಲ್ಲೂ ನಮ್ಮ ಮನೆಯಲ್ಲೇ. ಬೇಯಿಸಿದ ಟರ್ಕಿ ಕೋಳಿ ಕತ್ತರಿಸುವ ಮೊದಲು ಮೇಜಿನ ಸುತ್ತ ಕೂತವರೆಲ್ಲ ಒಬ್ಬೊಬ್ಬರಾಗಿ, ತಮ್ಮ ಬಾಳಿನಲ್ಲಿ ಯಾವುದನ್ನು ನೆನೆಯಬೇಕೋ ಅದನ್ನು ಬಾಯಿಬಿಟ್ಟು ಹೇಳಬೇಕು. ನನ್ನ ಸರದಿಯಲ್ಲಿ ನಾನು ಹೇಳುವುದು ಒಂದೇ ಮಾತು. "ನನ್ ಮಗಳು ಮಾರ್ವೆಲಾ ಹೊಟ್ಟೇಲಿದ್ದಾಗ ಯೂಲಾ ತನ್ನ ಕೆಲಸದ ಜೊತೆ ನನ್ ಕೆಲಸಾನೂ ಮಾಡಿ..." ಅಷ್ಟರಲ್ಲಿ ಯೂಲಾಳ ಕೈ ಮುಂದೆ ಬಂದಿರುತ್ತದೆ.

"ಆ ಕಾರ್ನ್‌ಬ್ರೆಡ್ ಸ್ವಲ್ಪ ಈ ಕಡೆ ಕೊಡ್ರಪ್ಪ. ಟೀನ್‌ಗೆ ವಯಸ್ಸಾಯ್ತು, ಏನೇನೋ ಹೇಳ್ತಾಳೆ. ಅವಳ ಕಡೆ ಕೆಲಸ ಅವಳೇ ಮಾಡ್ತಿದ್ಲು. ನಾನ್ಯಾಕೆ ಮಾಡ್ಲಿ, ನಂಗೇನು ತಲೆ ಕೆಟ್ಟಿತ್ತಾ?"

ಎಲ್ಲರೂ ನಗುತ್ತಾರೆ. ಮಾರ್ವೆಲಾ ಕೂಡ ನಗುತ್ತಾಳೆ. ಅವಳಿಗೇ ಈಗ ಐವತ್ತು ದಾಟಿದೆ. ಅಮ್ಮ ಒಂದಕ್ಕೆ ಹತ್ತು ಸೇರಿಸಿ ಕಥೆ ಕಟ್ಟಿದ್ದಾಳೆ ಎಂದೇ ಅವಳು ತಿಳಿದಿದ್ದಳು. ನನ್ನ ಹೊಟ್ಟೆ ಉರಿಯುತ್ತಿದ್ದುದು ಅದಕ್ಕೇ. ಯಾರ ದಯೆಯಿಂದ ಅವಳು ಆಸ್ಪತ್ರೆಯ ಮಂಚದ ಮೇಲೆ ಮರ್ಯಾದೆಯಾಗಿ ಹುಟ್ಟಿದಳೋ ಆ ದಯೆಯನ್ನೇ ಅವಳು ನಂಬುತ್ತಿರಲಿಲ್ಲ.

ಆಗ ನಾನು ಅಲಬಾಮಾದಿಂದ ಡೆಟ್ರಾಯಿಟ್‌ಗೆ ಬಂದು ಕಾರ್ಖಾನೆ ಸೇರಿ ವರ್ಷವೂ ಆಗಿರಲಿಲ್ಲ. ಗಂಡ ಅನ್ನಿಸಿಕೊಂಡವನು ಶಿಕಾಗೋಗೆ ಹೋದವನು ಹೋದನೇ. ಬೆಸುಗೆ ಮುಗಿಸಿ, ಬಣ್ಣಕ್ಕೆ ಮೊದಲು ಹಚ್ಚುವ ಬೂದುಬಣ್ಣದ ಪ್ರೈಮರ್‌ನಲ್ಲಿ ಮಿಂದು ಬರುವ ಕಾರಿನ ಬರೀ ಮೈ ಲೈನಿನ ಮೇಲೆ ನಮ್ಮ ಮುಂದೆ ಸಾಗುತ್ತಿತ್ತು. ಬಾಗಿಲಿಗೆ ಗಾಜಿಲ್ಲ, ಒಳಗೆ ಸೀಟಿಲ್ಲ, ಎಂಜಿನ್ನಿನ ಮಾತೇ ಇಲ್ಲ. ತಗಡಿನ ಸಂದುಗಳಲ್ಲಿ ನೀರು ನುಗ್ಗದ ಹಾಗೆ ಗನ್ನಿನಿಂದ ಅಂಟು ತುಂಬುವುದು ನಮ್ಮಿಬ್ಬರ ಕೆಲಸ. ಬಲಗಡೆ ಯೂಲಾ, ಎಡಗಡೆ ನಾನು. ನಿಮಿಷಕ್ಕೊಂದು ಕಾರು. ಬಸಿರಿ ಎಂದು ಗೊತ್ತಾದ ದಿನವೇ ಮನೆಗೆ ಕಳಿಸುತ್ತಿದ್ದರು, ಹೆರಿಗೆಯ ವಿಮೆಯೂ ಅದರ ಜೊತೆಗೇ ಹೋಗುತ್ತಿತ್ತು. ನನಗೆ ಬೆಳಗಾದರೆ ವಾಂತಿ. ಆ ವರ್ಷ, ಎಪ್ಪತ್ತರ ಮಾರ್ಚ್ ತಿಂಗಳಿಡೀ ನಾನು ಬಿಡಿಭಾಗಗಳ ರಾಶಿಯ ಹಿಂದೆ ಬಕೆಟ್ಟು ಹಿಡಿದು ಕೂತೆ. ಯೂಲಾ ತನ್ನ ಕಡೆ ಮುಗಿಸಿ, ಕಾರಿನ ಹಿಂದೆ ಸುತ್ತಿ ಓಡಿಬಂದು ನನ್ನ ಕಡೆಯನ್ನೂ ಮುಗಿಸಿ, ಮತ್ತೆ ಓಡಿ ಮುಂದಿನ ಕಾರಿಗೆ ಹೋಗುತ್ತಿದ್ದಳು.

ಒಂದು ದಿನ ಅವಳ ಓಟ ನೋಡಲಾರದೆ ನಾನೇ ಎದ್ದುಹೋಗಿ ಅವಳ ಕೈಲಿದ್ದ ಗನ್ನಿಗೆ ಕೈ ಹಾಕಿದೆ. ಕಣ್ಣು ಕತ್ತಲೆ ಬಂತು. ಆಮೇಲೆ ನೆನಪಿರುವುದು ಅವಳ ತೋಳಿನ ಅಂಟಿನ ವಾಸನೆ ಒಂದೇ. ಅದನ್ನೂ ಅವಳು ಒಪ್ಪುವುದಿಲ್ಲ. "ನೀನು ಬಿದ್ದಿದ್ದು ಊಟದ ಕೋಣೇಲಿ, ಅದೂ ಅಲ್ಲಿನ ಸೂಪು ಕುಡಿದು" ಎನ್ನುತ್ತಾಳೆ.

ಕಳೆದ ಚಳಿಗಾಲದಲ್ಲಿ ಯೂಲಾಳ ಎದೆ ಕೈಕೊಟ್ಟಿತು. ಕಣ್ಣು ಅದಕ್ಕೂ ಮೊದಲೇ ಮಂಜಾಗಿತ್ತು. ಆಸ್ಪತ್ರೆಯಲ್ಲಿ ಅವಳ ಕೈ ಹಿಡಿದು ಕೂತಾಗ ನನಗೆ ನಿಜವಾಗಿ ಭಯವಾಯಿತು. ಇವಳು ನನ್ನ ಮಾತು ಕೇಳಿಸಿಕೊಳ್ಳದೆಯೇ ಹೊರಟುಬಿಟ್ಟರೆ ನಾನದನ್ನು ಎಲ್ಲಿಗೆ ಕೊಂಡೊಯ್ಯಲಿ?

ಕಾಜ್ ಗ್ರೀಕಾ ನಮ್ಮ ಮುಂದೆ ಬಂದದ್ದು ಅದಾದ ಮೇಲೆ. ಯೂನಿಯನ್ ಹಾಲ್‌ನಲ್ಲಿ ನಿವೃತ್ತರಿಗೆ ತಿಂಗಳಿಗೊಂದು ಊಟವಿರುತ್ತದೆ. ಆ ದಿನ ಯೂಲಾ ಬಂದಿರಲಿಲ್ಲ. ಹ್ಯಾಮ್‌ಟ್ರಾಮಿಕ್‌ನಲ್ಲಿ ಗ್ಯಾರೇಜು ಇಟ್ಟಿರುವ ಈ ಪೋಲಿಷ್ ಗಂಡಸು ಟೊಪ್ಪಿಗೆ ತೆಗೆದು ನಿಂತು, ಅಂಟಿನ ವಿಭಾಗದಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದೀರಾ ಎಂದು ಕೇಳಿದ. ಐವತ್ತರ ಮೇಲಿನ ವಯಸ್ಸು, ಬೆರಳುಗಳಲ್ಲಿ ಗ್ರೀಸು.

"ಎಪ್ಪತ್ತನೇ ಇಸವಿ ಮಸಲ್ ಕಾರು ಒಂದಿದೆ ನನ್ ಹತ್ರ, ಜೋರಾಗಿ ಓಡೋ ಜಾತೀದು, ನಿಮ್ಮ ಕಾರ್ಖಾನೇದೇ. ಅದನ್ನ ಬಣ್ಣ ಬಳಿಯೋಕೆ ಮುಂಚಿನ ದಿನಕ್ಕೆ ವಾಪಸ್ ತರ್ತಾ ಇದೀನಿ. ಬೂದುಬಣ್ಣ, ಅಂಟು, ಅಷ್ಟೇ, ಎಂಜಿನ್ನೂ ಇಲ್ಲ. ಹಳೇ ಕಾರುಗಳ ಪ್ರದರ್ಶನಕ್ಕೆ."

ನಮ್ಮವರು ಬಿಡುತ್ತಾರೆಯೇ? "ಬೇರೆಯವರು ಮುಖ ನೋಡ್ಕೊಳ್ಳೋ ಹಾಗೆ ಕಾರು ಹೊಳಿಸ್ತಾರೆ, ನೀನು ಬಟ್ಟೆ ಬಿಚ್ಚಿ ನಿಲ್ಲಿಸ್ತಿದೀಯಲ್ಲೋ" ಎಂದರು ಒಬ್ಬರು. "ಎಂಜಿನ್ ಇಲ್ದೆ ಪ್ರದರ್ಶನಕ್ಕೆ ಹ್ಯಾಗ್ ಹೋಗ್ತೀಯ, ತಳ್ಕೊಂಡಾ?" ಎಂದರು ಇನ್ನೊಬ್ಬರು. ಅವನೂ ನಕ್ಕ. "ತಳ್ಕೊಂಡೇ. ನಿಮ್ಮ ಲೈನಿನಲ್ಲೂ ಅದೇನು ತಾನಾಗೇ ಓಡ್ತಿತ್ತಾ?" ಎಂದ. ಅವನು ನನಗೆ ಹಿಡಿಸಿದ್ದು ಆಗಲೇ.

ಮರುದಿನ ನಾನೊಬ್ಬಳೇ ಅವನ ಗ್ಯಾರೇಜಿಗೆ ಹೋದೆ. ಜಾಮು ತುಂಬಿದ ಪೊಂಚ್ಕಿ ಎಂಬ ಕರಿದ ಸಿಹಿತಿಂಡಿ, ಕರೀ ಕಾಫಿ ಕೊಟ್ಟು ಕೂರಿಸಿದ. ಕಾರು ಹೊರಗೆಲ್ಲ ತುಕ್ಕು ಹಿಡಿದು ಅವನ ಕೈಗೆ ಬಂದಿತ್ತಂತೆ. ಆದರೆ ಹಿಂದಿನ ಡಿಕ್ಕಿಯ ಒಳಬಣ್ಣವನ್ನು ಕೈಯಿಂದಲೇ ಉಜ್ಜಿ ತೆಗೆದಾಗ ಕೆಳಗೆ ಹಳೆಯ ಪ್ರೈಮರು, ಹಳೆಯ ಅಂಟು, ಮೇಸ್ತ್ರಿಯ ಬಳಪದ ಗುರುತು ಎಲ್ಲ ಇದ್ದ ಹಾಗೇ ಸಿಕ್ಕಿದವು. "ಇದನ್ನ ನೋಡಿದ್ಮೇಲೆ ಮುಚ್ಚೋಕೆ ಮನಸ್ಸು ಬರ್ಲಿಲ್ಲ ಮಿಸ್ ಟೀನ್. ಉಳಿದ ಕಾರನ್ನೆಲ್ಲ ಇದಕ್ಕೆ ತಕ್ಕ ಹಾಗೆ ಮಾಡಿದೆ" ಎಂದ. ಕಾರಿನ ತಗಡಿನ ಮೇಲೆ ತಯಾರಾದ ತಿಂಗಳು ಒತ್ತಿತ್ತು. ಮಾರ್ಚ್.

ದೀಪ ಹಿಡಿದು ಡಿಕ್ಕಿಯೊಳಗೆ ಬಗ್ಗಿದೆ. ಯೂಲಾ ಅಂಟಿನ ಗೆರೆ ಮುಗಿಸುವಾಗ ಹೆಬ್ಬೆರಳಲ್ಲಿ ಒತ್ತಿ ಒಂದು ತಿರುವು ಕೊಡುತ್ತಿದ್ದಳು, ಕಡುಬಿನ ಅಂಚು ಮಡಿಸಿದ ಹಾಗೆ. ನಾನು ಅಷ್ಟೆಲ್ಲ ನಾಜೂಕು ಮಾಡುತ್ತಿರಲಿಲ್ಲ, ಕತ್ತರಿಸಿ ಬಿಡುತ್ತಿದ್ದೆ. ಬಲಗಡೆ ಆ ತಿರುವು ಇತ್ತು. ಎಡಗಡೆಗೆ ದೀಪ ತಿರುಗಿಸಿದೆ. ನಾನು ನಿಲ್ಲುತ್ತಿದ್ದ ಕಡೆ. ಅಲ್ಲೂ ಗೆರೆಗೆರೆಗೂ ಅದೇ ತಿರುವು.

"ಚಕ್ರದ ಮೇಲುಗಡೆ ನೋಡಿ. ಅದೇ ನನ್ ತಲೆನೋವು" ಎಂದ ಕಾಜ್. ಎರಡು ಕಡೆಯಿಂದ ಬಂದು ಕೂಡಬೇಕಾದ ಅಂಟು ಅಲ್ಲಿ ಕೂಡಿರಲಿಲ್ಲ. ನಡುವೆ ಅಂಗೈ ಅಗಲ ಖಾಲಿ. "ನೀರು ಅಲ್ಲಿಂದ್ಲೇ ನುಗ್ಗಿ ನೆಲ ತಿಂದು ಹಾಕಿತ್ತು. ತೇಪೆ ಹಾಕಿದೀನಿ. ಆ ಜಾಗ ಬಿಟ್ಟವನು ಕೈಗೆ ಸಿಕ್ಕಿದ್ರೆ ಅವನ ಬೆರಳೇ ಬೆಸುಗೆ ಹಾಕಿಬಿಡ್ತಿದ್ದೆ. ಬಿಟ್ಟಿದ್ದೂ ಅಲ್ದೆ ಪಕ್ಕದ ಗೋಡೆಗೆ ಕೈ ಬೇರೆ ಒರಸಿದಾನೆ."

ಪಕ್ಕದ ತಗಡಿನ ಮೇಲೆ ಬೆರಳುಗಳು ಎಳೆದುಕೊಂಡು ಇಳಿದ ಅಂಟಿನ ಗುರುತಿತ್ತು. ಮೂರು ಉದ್ದ, ಉಂಗುರದ ಬೆರಳಿನದು ಮೋಟು. ನಾನು ನನ್ನ ಎಡಗೈ ನೋಡಿಕೊಂಡೆ. ಚಿಕ್ಕವಳಿದ್ದಾಗ ಬಾಗಿಲ ಸಂದಿಗೆ ಸಿಕ್ಕಿ ತುದಿ ಹೋದ ಉಂಗುರದ ಬೆರಳು. ಕೈಯನ್ನು ಆ ಗುರುತಿನ ಮೇಲಿಟ್ಟೆ. ಸರಿಯಾಗಿ ಕೂತಿತು.

"ನಾಳೆ ಅಂಟು ತುಂಬಿ ಮುಗಿಸ್ತೀನಿ" ಎಂದ ಕಾಜ್.

"ಶನಿವಾರದ ತನಕ ಮುಟ್ಟಬೇಡ."

"ಯಾಕೆ?"

"ಮುಟ್ಟಬೇಡ ಅಂದ್ರೆ ಮುಟ್ಟಬೇಡ ಕಣಪ್ಪ."

ಯೂಲಾಳನ್ನು ಕರೆತರುವುದು ಕಷ್ಟವಾಗಲಿಲ್ಲ. ಅಂಟು ಹೇಗೆ ಹಾಕುತ್ತಿದ್ದೆವು ಎಂದು ಒಬ್ಬನಿಗೆ ಹೇಳಬೇಕು, ನನಗೆ ಮರೆತುಹೋಗಿದೆ ಎಂದೆ. "ನಿಂಗೆ ನೆನಪಿದ್ದಿದ್ದಾದ್ರೂ ಯಾವಾಗ?" ಎಂದು ಒಳ್ಳೆಯ ಟೋಪಿ ಹಾಕಿಕೊಂಡು ಹೊರಟಳು. ಶನಿವಾರ ಮಾರ್ವೆಲಾ ನಮ್ಮನ್ನು ತನ್ನ ಕಾರಿನಲ್ಲಿ ಕರೆದೊಯ್ದಳು.

ಯೂಲಾ ತನ್ನ ಊರುಗೋಲು ಮಾರ್ವೆಲಾಳ ಕೈಗೆ ಕೊಟ್ಟು ಡಿಕ್ಕಿಯ ಅಂಚು ಹಿಡಿದು ನಿಂತಳು. ಕಣ್ಣಿಗೆ ಕೆಲಸವಿಲ್ಲ, ಬೆರಳೇ ಎಲ್ಲ. ಬಲಗಡೆಯ ಗೆರೆಯ ಮೇಲೆ ಹೆಬ್ಬೆರಳು ಆಡಿಸಿ, "ಇದು ನಂದು. ನೋಡು, ಅಂಚು ಹ್ಯಾಗಿದೆ" ಎಂದಳು. ಮುಖದಲ್ಲಿ ಹೆಮ್ಮೆ. ನಾನು ಅವಳ ಮಣಿಕಟ್ಟು ಹಿಡಿದು ಎಡಗಡೆಗೆ ತಂದೆ.

ಹೆಬ್ಬೆರಳು ಹೋಯಿತು, ಒಂದು ತಿರುವಿನ ಮೇಲೆ ನಿಂತಿತು, ಮುಂದೆ ಹೋಯಿತು, ಇನ್ನೊಂದರ ಮೇಲೆ ನಿಂತಿತು.

"ಇದು ಯಾರದು ಯೂಲಾ?" ಎಂದೆ.

"ಕಾರ್ಖಾನೇಲಿ ಎಷ್ಟೋ ಜನ ಇದ್ರು."

"ಇನ್ನೂ ಮುಂದೆ ಹೋಗು."

ಅವಳ ಬೆರಳು ಖಾಲಿ ಜಾಗ ಮುಟ್ಟಿತು. ಅಲ್ಲಿ ತಿರುವಿರಲಿಲ್ಲ. ಅಂಟು ತೆಳ್ಳಗಾಗಿ ಕೆಳಗೆ ಸೋರಿ ನಿಂತಿತ್ತು. ನಾನು ಅವಳ ಕೈಯನ್ನು ಮೆಲ್ಲಗೆ ಪಕ್ಕದ ತಗಡಿಗೆ ಸರಿಸಿದೆ. ಮೂರು ಉದ್ದ ಗೆರೆ, ಒಂದು ಮೋಟು. ಅವಳು ಆ ಮೋಟು ಗೆರೆಯನ್ನು ಮತ್ತೆ ಮತ್ತೆ ಸವರಿದಳು. ತಡಕಾಡಿ ನನ್ನ ಎಡಗೈ ಹುಡುಕಿ ಆ ಬೆರಳನ್ನು ಹಿಡಿದುಕೊಂಡಳು.

"ಮಿಸ್ ಯೂಲಾ, ಆ ಜಾಗ..." ಎಂದು ಕಾಜ್ ಶುರುಮಾಡಿದ.

"ನಾನೇ ಬಿಟ್ಟಿದ್ದು" ಎಂದಳು ಯೂಲಾ. "ಇವಳು ತಲೆ ತಿರುಗಿ ಬಿದ್ಲು. ಗನ್ನು ಬಿಸಾಕಿ ಇವಳನ್ನ ಹಿಡ್ಕೊಂಡೆ. ಕಾರು ಮುಂದಕ್ಕೆ ಹೋಯ್ತು. ಎರಡೂ ಹಿಡಿಯೋಕೆ ನಂಗೇನು ನಾಲ್ಕು ಕೈ ಇತ್ತಾ? ನನ್ ಬೆರಳು ಬೆಸುಗೆ ಹಾಕ್ತೀನಿ ಅಂದಿದ್ಯಂತೆ, ತಗೋ, ಹಾಕು."

ಕಾಜ್ ನನ್ನ ಕಡೆ ನೋಡಿದ, ಕಿವಿಯೆಲ್ಲ ಕೆಂಪು. ದಾರಿಯಲ್ಲಿ ಆ ಮಾತೊಂದನ್ನು ನಾನು ಅವಳ ಕಿವಿಗೆ ಹಾಕಿದ್ದೆ. ಅಂಟು ಬಿಟ್ಟವನ ಬೆರಳು ಬೆಸುಗೆ ಹಾಕುತ್ತೇನೆಂದ ಎಂದು ಮಾತ್ರ, ಎಲ್ಲಿ ಬಿಟ್ಟದ್ದೆಂದು ಹೇಳಿರಲಿಲ್ಲ.

ಮಾರ್ವೆಲಾ ಊರುಗೋಲು ಹಿಡಿದು ನಿಂತಲ್ಲೇ ನಿಂತಿದ್ದಳು. "ಅಂದ್ರೆ ಅಮ್ಮ ಹೇಳ್ತಿದ್ದಿದ್ದು ನಿಜ, ಆಂಟಿ?"

"ನೀನು ಆವಾಗ ಹುರುಳಿಕಾಳಿನಷ್ಟು ಇದ್ದೆ. ಅಷ್ಟಕ್ಕೇ ಏನು ರಂಪ ಮಾಡ್ತಿದ್ದೆ ಗೊತ್ತಾ? ಓಡಿ ಓಡಿ ನನ್ ಮಂಡಿ ಹೋಗಿದ್ದು ನಿನ್ನಿಂದ್ಲೇ."

ಮಾರ್ವೆಲಾ ಅವಳ ಹೆಗಲಿಗೆ ಮುಖವಿಟ್ಟು ಅತ್ತಳು. ನನಗೆ ಸಿಟ್ಟೂ ಬಂತು. "ಇಷ್ಟು ವರ್ಷ ಎಲ್ಲರ ಮುಂದೆ ನನ್ನ ಸುಳ್ಳಿ ಮಾಡಿದ್ಯಲ್ಲೇ, ಯಾಕೆ?"

"ಒಪ್ಕೊಂಡಿದ್ರೆ ನೀನು ಜೀವನ ಪೂರ್ತಿ ನನ್ ಮುಂದೆ ತಲೆ ತಗ್ಗಿಸ್ಕೊಂಡು ಇರ್ತಿದ್ದೆ. ನಾನು ತಪ್ಪು ಮಾಡಿದ್ರೂ ಬೈತಿರ್ಲಿಲ್ಲ. ನಂಗೆ ಊರಲ್ಲಿ ಬೇರೆ ಯಾರಿದ್ರು ಹುಡುಗಿ, ಬೈಯೋಕೆ?"

ಕಾಜ್ ಅಂಟು ತುಂಬಿದ ಗನ್ನನ್ನು ಬೆಂಚಿನ ಮೇಲೆ ಸಿದ್ಧ ಮಾಡಿಟ್ಟಿದ್ದ. ಅದನ್ನೊಮ್ಮೆ ನೋಡಿದ, ಡಿಕ್ಕಿಯನ್ನೊಮ್ಮೆ ನೋಡಿದ. ಪ್ರದರ್ಶನದ ತೀರ್ಪುಗಾರರು ಅಲ್ಲಿ ಅಂಕ ಕತ್ತರಿಸುತ್ತಾರೆ ಎಂದು ನನಗೂ ಗೊತ್ತಿತ್ತು, ಅವನಿಗಂತೂ ಗೊತ್ತೇ ಇತ್ತು.

"ತುಂಬಪ್ಪ, ನೀರು ಬರುತ್ತೆ" ಎಂದಳು ಯೂಲಾ.

"ಇನ್ನು ಇದು ಮಳೇಲಿ ನಿಲ್ಲಲ್ಲ ಮಿಸ್ ಯೂಲಾ" ಎಂದು ಅವನು ಗನ್ನಿನ ಮೂತಿಗೆ ಮುಚ್ಚಳ ತಿರುಗಿಸಿ ಕಪಾಟಿನೊಳಗೆ ಇಟ್ಟ. "ಬಣ್ಣದ ಹಿಂದಿನ ದಿನ ಹ್ಯಾಗಿತ್ತೋ ಹಾಗೇ ಇರ್ಬೇಕು. ಆ ದಿನ ಅದು ಹೀಗೇ ಇತ್ತು."

ಯೂಲಾ ಇನ್ನೂ ನನ್ನ ಮೋಟು ಬೆರಳನ್ನು ಬಿಟ್ಟಿರಲಿಲ್ಲ. ಮಂಜುಗಣ್ಣನ್ನು ನನ್ನ ಕಡೆ ತಿರುಗಿಸಿದಳು.

"ಏನೋ ಹೇಳ್ಬೇಕು ಅಂತಿದ್ಯಲ್ಲ ಪ್ರತಿ ವರ್ಷ, ಹೇಳು. ಇಲ್ಲಿ ಕಾರ್ನ್‌ಬ್ರೆಡ್ ಇಲ್ಲ."

ನಾನು ಹೇಳಿದೆ. ಮಾರ್ಚ್ ತಿಂಗಳಿಂದ ಶುರುಮಾಡಿ, ಬಕೆಟ್ಟು, ಓಟ, ತೋಳಿನ ವಾಸನೆ, ಮಗು ಅತ್ತ ಮೊದಲ ಅಳು, ಎಲ್ಲವನ್ನೂ ಸೇರಿಸಿ, ಅಳುತ್ತಲೇ ಹೇಳಿದೆ. ಅವಳು ಕೊನೆಯವರೆಗೂ ಕೇಳಿಸಿಕೊಂಡಳು.