ಯಲ್ಲಮ್ಮನ ನಡಿಗೆ

ಕೊಬ್ಬರಿ ಎಣ್ಣೆ ಹಚ್ಚಿ ಎಷ್ಟು ತಿಕ್ಕಿದರೂ ಕಿವಿಯ ಹಿಂದಿನ ನಾಟಕದ ಬಣ್ಣ ಹೋಗಿಲ್ಲ, ಬೆರಳಿಗೆ ಅಂಟುತ್ತಿದೆ, ಅಂಟಲಿ, ನಿನ್ನೆ ಸಂಜೆ ಕಳಸದ ಸಭಾಂಗಣದಲ್ಲಿ ಚಪ್ಪಾಳೆ ಬಿದ್ದದ್ದು ಈ ಮುಖಕ್ಕೇ ತಾನೆ — ಜಗಲಿಯಲ್ಲಿ ಕೂತ ಪಂಚಮಿಯ ಕಾಫಿ ಆರಿ ಕೆನೆಗಟ್ಟಿತು, ಕಣದಲ್ಲಿ ಆಳುಗಳು ಕಾಫಿ ಹಣ್ಣು ಹರವುತ್ತಿದ್ದಾರೆ, ಅತ್ತ ನೋಡಬಾರದು. ಬಿ.ಎ. ಮುಗಿಯುವವರೆಗೂ ಹಾಜರಿ ಕೂಗಿದರೆ ಎಸ್ ಸರ್ ಅನ್ನದೆ ಕೈ ಮಾತ್ರ ಎತ್ತುತ್ತಿದ್ದವಳು, ಡೈರಿಯ ಹೊರಗೆ ಬಾಯೇ ಇಲ್ಲದವಳು, ನಟನೆ ಕಲಿಯುವ ಶಿಬಿರಕ್ಕೆ ಹೋದದ್ದೇ ಒಂದು ಹುಚ್ಚು. ಮಾತು ಬರ್ದಿದ್ರೆ ಬೇಡ ಮಾರಾಯ್ತಿ, ಯಾರನ್ನಾದ್ರೂ ಕದ್ದು ನೋಡು, ಅವ್ರ ನಡಿಗೆ ತಗೊಂಡ್ ಬಾ, ಅಂದಿದ್ದರು ಕಲಿಸುವ ಸುರೇಂದ್ರ ಸರ್, ಕದಿಯೋದೇ ನಮ್ ಕಸುಬು. ಕದಿಯಲು ದೂರ ಹೋಗಬೇಕಿತ್ತೇ, ಅಪ್ಪನ ತೋಟದಲ್ಲೇ ಯಲ್ಲಮ್ಮ ಇದ್ದಳು, ಬಾಳೂರಿನ ತಿರುವಿನಲ್ಲಿ ಆಳುಗಳ ಜೀಪು ಮಗುಚಿದಂದಿನಿಂದ ಬಲಗಾಲು ಎಳೆಯುವ ಯಲ್ಲಮ್ಮ, ಮೊದಲು ಸೊಂಟ ಏಳುತ್ತದೆ, ಆಮೇಲೆ ಕಾಲು, ಕೆಸರಿನಿಂದ ಕಿತ್ತ ಹಾಗೆ, ಪಾದ ಒಳಕ್ಕೆ ತಿರುಗಿ ನೆಲ ಸವರುತ್ತದೆ — ಹನ್ನೆರಡು ದಿನ ಪಂಚಮಿ ಡೈರಿಯಲ್ಲಿ ಅದನ್ನೇ ಬರೆದಳು, ಕೋಣೆಯ ಬಾಗಿಲು ಹಾಕಿ ಅದನ್ನೇ ನಡೆದಳು, ಸೊಂಟ ಸೆಳೆದಾಗ ಪಾಪ ಅವಳಿಗೆ ಎಷ್ಟು ನೋಯುತ್ತದೋ ಎಂದು ಕಣ್ಣೀರೂ ಬಂತು, ಆ ಕಣ್ಣೀರು ಸುಳ್ಳಲ್ಲ, ಅಲ್ಲವೇ. ನಾಟಕಕ್ಕೆ ಬಾ ಯಲ್ಲಮ್ಮಾ ಎಂದು ಕರೆದವಳೂ ತಾನೇ. ಅಯ್ಯೋ ನಂಗೇನ್ ತಿಳೀತದೆ ಸಣ್ಣಮ್ಮಾ, ಆದ್ರೂ ನೀವ್ ಮಾಡದು ಅಂದ್ರೆ ಬರ್ದೇ ಇರ್ತೀನಾ — ಟ್ರಂಕಿನ ತಳದ ಸೀರೆ ಉಟ್ಟು ಬಂದಿದ್ದಳು, ಮೂರನೇ ಸಾಲು. ಕಾಲೆಳೆದು ರಂಗಕ್ಕೆ ಬಂದ ತನ್ನ ಮೊದಲ ಪ್ರವೇಶಕ್ಕೇ ತೋಟದ ಜೀಪು ಓಡಿಸುವ ಮಲ್ಲೇಶ್ ಕೂಗಿದ, ಏ ನಮ್ ಯಲ್ಲಮ್ಮ ಕಣ್ರೋ! ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು, ಅಲ್ಲಿಗೆ ನಿಲ್ಲಿಸಬಹುದಿತ್ತು, ನೆಟ್ಟಗೆ ನಡೆದುಬಿಡಬಹುದಿತ್ತು, ಆದರೆ ಹುಟ್ಟಿದಾಗಿನಿಂದ ಅಷ್ಟು ಮುಖಗಳು ತನ್ನತ್ತ ತಿರುಗಿರಲಿಲ್ಲವಲ್ಲ — ಎರಡನೇ ಪ್ರವೇಶಕ್ಕೆ ಕಾಲನ್ನು ಇನ್ನಷ್ಟು ಎಳೆದಳು. ಯಾರೂ ಹೇಳಿರಲಿಲ್ಲ. ತಾನೇ ಎಳೆದಳು. ಪರದೆ ಬಿದ್ದಾಗ ಸರ್ ಬೆನ್ನು ತಟ್ಟಿ ನೀನು ನಟಿ ಕಣೇ, ಮುಂದಿನ್ ತಿಂಗ್ಳಿಂದ ನಮ್ ತಂಡಕ್ಕೆ ಬಂದ್ಬಿಡು ಅಂದರು, ಇಣುಕಿ ನೋಡಿದರೆ ಮೂರನೇ ಸಾಲಿನಲ್ಲಿ ಒಂದು ಕುರ್ಚಿ ಖಾಲಿ.

ಸಣ್ಣಮ್ಮಾ, ಆ ಬುಟ್ಟಿ ಕೊಡಿ — ಯಲ್ಲಮ್ಮ ಎದುರಿಗೇ ನಿಂತಿದ್ದಾಳೆ, ನಗುತ್ತಿದ್ದಾಳೆ, ಚೆಂದಾಗ್ ಮಾಡಿದ್ರಿ, ನಾನ್ ಹಂಗ್ ನಡೀತೀನಿ ಅಂತ ನಂಗೇ ಗೊತ್ತಿರ್ಲಿಲ್ಲ ನೋಡಿ. ತಪ್ಪಾಯ್ತು ಎನ್ನಬೇಕು, ಒಂದೇ ಮಾತು, ಯಾರೂ ಬರೆದುಕೊಟ್ಟಿಲ್ಲವಲ್ಲ, ಪಂಚಮಿ ಬುಟ್ಟಿ ಎತ್ತಿ ಕೊಟ್ಟಳು. ಬುಟ್ಟಿ ಹಿಡಿದು ಯಲ್ಲಮ್ಮ ತಿರುಗಿದಳು, ಕಣದ ಆಳುಗಳೆಲ್ಲ ತಲೆ ಎತ್ತಿದರು, ಪಂಚಮಿಯೂ ನೋಡುತ್ತಿರುವುದು ಆ ಬೆನ್ನಿಗೆ ಗೊತ್ತು — ಸೊಂಟವನ್ನು ಬಿಗಿ ಹಿಡಿದಳು, ಬಲಪಾದವನ್ನು ಎತ್ತಿ ನೆಟ್ಟಗೆ ಇಟ್ಟಳು, ತಡೆದಳು, ಮತ್ತೆ ಎತ್ತಿದಳು, ನೆಟ್ಟಗೆ ಇಟ್ಟಳು, ಅವಳೂ ಈಗ ನಟಿಸುತ್ತಿದ್ದಾಳೆ, ಕಲಿಸಿದ್ದು ಯಾರು, ಇಷ್ಟುದ್ದ ಅಂಗಳ, ಒಳಕ್ಕೆ ತಿರುಗಲು ಹೊರಟು ನಡುಗಿ ಮತ್ತೆ ನೆಟ್ಟಗಾದ ಪಾದ, ನೋಡಬೇಡ, ನೆಟ್ಟಗೆ ಇಟ್ಟ ಪಾದ, ಪಾದ —